ತಮ್ಮ ಹೇಳಬೇಕಿದ್ದ ಮಾತು

ಇದನ್ನು ಬರೆಯಲೇ ಎಂದು ತಮ್ಮನಿಗೆ ಫೋನಿನಲ್ಲಿ ಮೆಸೇಜ್ ಹಾಕಿ ಕೇಳಿದೆ. ‘ಹೆಸರು ಬ್ಯಾಡ’ ಎಂದು ಎರಡೇ ಪದದ ಉತ್ತರ ಬಂತು. ನಾನು ಓದಿದ್ದು ಐದನೇ ಕ್ಲಾಸು. ತಪ್ಪು ಒಪ್ಪಿಕೊಳ್ಳಲು ಅಷ್ಟು ಸಾಕು.

ತಮಿಳುನಾಡಿನ ಬೋಡಿಯಲ್ಲಿ ಏಲಕ್ಕಿ ಆರಿಸುವ ಕೆಲಸಕ್ಕೆ ಕೈ ಬೇಕು, ಕಣ್ಣು ಬೇಕು, ಬಾಯಿ ಬೇಡ. ಇಪ್ಪತ್ತು ಹೆಂಗಸರು ಮೊರ ಮುಂದಿಟ್ಟುಕೊಂಡು ಕೂರುತ್ತೇವೆ. ಒಡೆದ ಕಾಯಿ, ಬಿಳಿಚಿದ ಕಾಯಿ ತೆಗೆಯುತ್ತಾ ಯಾರ ಸೊಸೆ ಹೇಗೆ, ಯಾರ ಮಗ ಹೇಗೆ ಎಂದು ಊರನ್ನೂ ಆರಿಸಿ ಮುಗಿಸುತ್ತೇವೆ. ಆ ಸಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವಳು ನಾನು. ಪಕ್ಕದಲ್ಲಿ ಕೂರುತ್ತಿದ್ದ ಮುಸ್ಲಿಂ ಹಿರಿಯಳನ್ನು ಎಲ್ಲರೂ ಬಾಯಮ್ಮ ಎನ್ನುತ್ತಿದ್ದೆವು. ಒಬ್ಬರ ಮನೆ ವಿಷಯ ಬಂತೆಂದರೆ ಅವರು ಮೊರ ಎತ್ತಿಕೊಂಡು ಬಾಗಿಲ ಬಳಿ ಹೋಗಿ ಕೂರುವರು. “ಬಾಯಮ್ಮಂಗೆ ಬೆಳಕು ಸಾಲ್ದು” ಎಂದು ನಾವು ನಗುತ್ತಿದ್ದೆವು.

ಗಂಡ ತೀರಿಕೊಂಡ ಮೇಲೆ ನಾನು ತಮ್ಮನ ಜೊತೆಗಿದ್ದೆ. ಕುಡಿತ ಬಿಡಲು ಅವನು ದಿಂಡಿಗಲ್ಲಿನ ಒಂದು ಆಸ್ಪತ್ರೆಯಲ್ಲಿ ಮೂರು ತಿಂಗಳು ಇದ್ದು ಬಂದಿದ್ದ. ಊರಿಗೆ ಮಿಲ್ ಕೆಲಸವೆಂದು ಹೇಳಿದ್ದೆವು. ಆಮೇಲೆ ಎರಡು ವರ್ಷ ಅವನು ಮುಟ್ಟಲಿಲ್ಲ. ಮಾರ್ಕಯನ್‌ಕೋಟ್ಟೈಯಲ್ಲಿ ನಮ್ಮವರದೇ ಹೆಣ್ಣು ನಿಕ್ಕಿಯಾಯಿತು.

“ಅಕ್ಕಾ, ಮುಚ್ಚಿಟ್ಟು ತಾಳಿ ಕಟ್ಟಾದು ಬ್ಯಾಡ” ಎಂದ. “ಬರೋ ವಾರ ಆ ಎಣ್ಣು ಚಿನ್ನಮನೂರ್‌ಗೆ ಬತ್ತಾಳೆ. ನಾನೇ ಹೇಳ್ತೀನಿ. ಅಲ್ಲೀಗಂಟ ನಿನ್ ಬಾಯಿ…”

“ನಾನ್ಯಾಕಪ್ಪಾ ಹೇಳ್ಲಿ? ನಂಗೇನ್ ಪೈತ್ಯವಾ?”

ಮೂರನೇ ದಿನ ಕೆಲಸದಲ್ಲಿದ್ದಾಗ ಕಂಬಂ ಊರಿನಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ನಮ್ಮ ಮನೆ ಕನ್ನಡದಲ್ಲಿ ಮಾತಿಗಿಳಿದೆ. ತಮಿಳರ ನಡುವೆ ಕೂತು ಕನ್ನಡಕ್ಕೆ ತಿರುಗಿದರೆ ಬಾಗಿಲು ಹಾಕಿಕೊಂಡಂತೆ ಎಂದು ನಮ್ಮವರಿಗೆಲ್ಲ ಒಂದು ನಂಬಿಕೆ. ನಿನ್ನ ತಮ್ಮ ಪುಣ್ಯವಂತ, ಒಳ್ಳೆ ಕಡೆ ಹೆಣ್ಣು ಸಿಕ್ಕಿತು ಎಂದಳು ಅವಳು. ನನಗೆ ತಡೆಯಲಾಗಲಿಲ್ಲ.

“ಅವನ್ ಪುಣ್ಯ ಏನ್ ಬಂತು? ಮೂರ್ ತಿಂಗ್ಳು ಕುಡುಕ್ರ ಆಸ್ಪತ್ರೇಲಿ ಬಿದ್ದಿದ್ದೋನು. ನಾನ್ ಗಂಜಿ ಒತ್ಕೊಂಡ್ ಓಗಿ ಉಳಿಸ್ಕೊಂಡೆ.”

ಹೆಚ್ಚುಗಾರಿಕೆ ನನಗೆ ಬೇಕಿತ್ತು. ಅದಕ್ಕೇ ಹೇಳಿದೆ.

ಎದುರು ಸಾಲಿನಲ್ಲಿ ಆ ವಾರ ಸೇರಿದ ಹುಡುಗಿಯೊಬ್ಬಳಿದ್ದಳು. ಬಾಯಿ ತೆಗೆದರೆ ತಮಿಳೇ. ಮಾರ್ಕಯನ್‌ಕೋಟ್ಟೈಯವಳು, ಹೆಣ್ಣಿನ ಸೋದರತ್ತೆಯ ಮಗಳು ಎಂದು ಆಮೇಲೆ ತಿಳಿಯಿತು. ನಮ್ಮ ಮಾತು ಆಡಲು ಬಾರದಿದ್ದರೂ ಅವಳಿಗೆ ಎಲ್ಲ ಅರ್ಥವಾಗುತ್ತಿತ್ತು. ಮಾರನೇ ಬೆಳಿಗ್ಗೆ ಹೆಣ್ಣಿನ ಅಪ್ಪ ತಮ್ಮನಿಗೆ ಫೋನ್ ಮಾಡಿದರು. “ನೀನೇ ಹೇಳಿದ್ರೆ ಕೇಳ್ತಿದ್ವೋ ಏನೋಪ್ಪಾ. ಬ್ಯಾರೇರ್ ಬಾಯಲ್ಲಿ ಬಂತಲ್ಲ, ಈ ಸಂಬಂಧ ಬ್ಯಾಡ” ಎಂದರಂತೆ. ತಮ್ಮ ನನಗೆ ಅಷ್ಟನ್ನೇ ಹೇಳಿ, ಅಂಗಿಗಳನ್ನು ಚೀಲಕ್ಕೆ ತುಂಬಿಕೊಂಡು ದಿಂಡಿಗಲ್ಲಿಗೆ ಹೋಗಿಬಿಟ್ಟ.

ಅವನು ಹೋದ ಮೇಲೆ ಮನೆಯಲ್ಲಿ ಮಾತಾಡಲು ಯಾರೂ ಇಲ್ಲ. ತಿಂಗಳಾದರೂ ಅನ್ನ ಇಬ್ಬರಿಗಾಗುವಷ್ಟೇ ಬೇಯುತ್ತಿತ್ತು. ಕೆಲಸದ ಸಾಲಿನಲ್ಲೂ ನಾನು ಬಾಯಿ ತೆಗೆದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುವರು. ಒಂದು ದಿನ ನಾನೇ ಮೊರ ಎತ್ತಿಕೊಂಡು ಬಾಗಿಲ ಬಳಿಗೆ ಹೋದೆ.

“ನಾನ್ ಸುಳ್ಳು ಹೇಳ್ಲಿಲ್ಲ ಬಾಯಮ್ಮಾ. ನಿಜಾನೇ ಹೇಳ್ದೆ.”

ಆಕೆ ತಮಿಳಿನಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ. “ನಿಜ ಆಗಿರೋದಕ್ಕೇ ಅದು ಚಾಡಿ ಕಣಮ್ಮಾ. ಸುಳ್ಳಾಗಿದ್ರೆ ಅಪವಾದ, ಅದು ಇನ್ನೂ ದೊಡ್ಡ ಪಾಪ. ಎದುರಿಗಿಲ್ಲದೋರ ವಿಷಯ, ಅವರು ಕೇಳಿದ್ರೆ ನೊಂದ್ಕೋತಾರೆ ಅಂದ್ರೆ ಆಡ್ಬಾರ್ದು. ಒಳ್ಳೇದಿದ್ರೆ ಹೇಳು, ಇಲ್ದಿದ್ರೆ ಸುಮ್ಮನಿರು ಅಂತ ನಮ್ಮ ನಬಿ ಪೈಗಂಬರ್ರು ಕಲಿಸಿದ್ದು.”

“ನಿಮ್ಗೆ ಸುಲಭ. ನಿಮ್ಗೆ ಮಾತೇ ಬೇಡ.”

“ಯಾರಂದ್ರು? ನನ್ನ ನಾಲಿಗೆ ನಿನ್ನದಕ್ಕಿಂತ ಉದ್ದ. ಕೇಳ್ತಾ ಕೂತ್ರೆ ಅದು ಸುಮ್ಮನಿರಲ್ಲ. ಅದಕ್ಕೇ ಎದ್ದು ಬರ್ತೀನಿ.”

ಇದಕ್ಕೆ ಪರಿಹಾರ ಏನು, ಹರಕೆ ಏನು ಎಂದು ಕೇಳಿದೆ. ಅಲ್ಲಾಹನ ಮುಂದೆ ಎಷ್ಟು ಅತ್ತರೂ ನೊಂದವನೇ ಮನ್ನಿಸಬೇಕು ಎಂದರು. “ಹೋಗಿ ಕೇಳು. ಚಿಕ್ಕದಾಗಿ ಕೇಳಮ್ಮಾ. ನೀನು ಉದ್ದ ಮಾಡ್ತೀಯ.”

ಒಂದು ಭಾನುವಾರ ದಿಂಡಿಗಲ್ಲಿಗೆ ಹೋದೆ. ತಮ್ಮ ಈಗ ನಿಜವಾಗಿಯೂ ಮಿಲ್ಲಿನಲ್ಲಿದ್ದ. ಒಂದೇ ಕೋಣೆ, ಒಂದು ಚಾಪೆ. ಕೂರುವ ಮುಂಚೆಯೇ ನಾನು ಶುರು ಮಾಡಿದೆ.

“ಎದುರು ಕೂತಿದ್ ಉಡ್ಗೀಗೆ ನಮ್ ಮಾತು ತಿಳೀತೈತೆ ಅಂತ ನಂಗ್ ಗೊತ್ತಿರ್ಲಿಲ್ಲ ತಮ್ಮಾ. ಪೋನ್ ಬಂತು, ಚಿಕ್ಕಮ್ಮನ್ ಮಗ್ಳೇ ಕೆದಕಿದ್ಲು, ನಾನು ಯಾವ್ದೋ ಗ್ಯಾನದಲ್ಲಿ…”

“ಅವಳಿಗೆ ತಿಳೀದಿದ್ರೆ ಸರಿಯಾಗ್ತಿತ್ತಾ ಅಕ್ಕಾ?”

ನಿಲ್ಲಿಸಿದೆ. “ತಪ್ಪಾಯ್ತು. ನೀನ್ ಹೇಳ್ಬೇಕಾದ್ನ ನಾನ್ ಹೇಳ್ಬುಟ್ಟೆ. ಮನ್ನಿಸು.”

ಅವನು ಸ್ಟವ್ ಆರಿಸಿದ. “ಈಗ ಆಗಲ್ಲಕ್ಕಾ. ಉಂಡ್ಬುಟ್ಟು ಓಗು.”

ಉಣ್ಣುವಾಗ, “ಊರಲ್ಲಿ ಏನ್ ಸಮಾಚಾರ?” ಎಂದ.

ಆ ಹೆಣ್ಣಿಗೆ ಬೇರೆ ಕಡೆ ಮದುವೆ ನಿಕ್ಕಿಯಾಗಿದೆ ಎಂಬುದು ನನ್ನ ನಾಲಿಗೆಯ ತುದಿಯಲ್ಲಿತ್ತು. ಅವನಿಗೆ ತಿಳಿದಿತ್ತೋ ಇಲ್ಲವೋ ಗೊತ್ತಿಲ್ಲ. ಅದು ಅವಳ ಮನೆಯ ಮಾತು.

“ಮೊಣಕಾಲು ನೋವು” ಎಂದೆ. “ನನ್ ಸಮಾಚಾರ ಅಷ್ಟೇ.”

ಅವನು ನನ್ನ ಮುಖವನ್ನೇ ನೋಡಿ, ತಟ್ಟೆಗೆ ಇನ್ನೊಂದು ಸೌಟು ಸಾಂಬಾರು ಹಾಕಿದ. ಮೂರು ಗಂಟೆಯ ಬಸ್ಸಿಗೆ ನಾನೊಬ್ಬಳೇ ಹೊರಟೆ.