ಕರಜಗಿ ಅಂದ್ರೇನು?

"ಶರಣಮ್ಮಾ... ಶರಣಮ್ಮಾ, ಕಣ್ಣು ತೆಗೀರಿ" ಎಂದು ಜೇವರ್ಗಿಯ ಆಸ್ಪತ್ರೆಯಲ್ಲಿ ನರ್ಸ್ ಕೂಗಿಯೇ ಕೂಗಿದಳು. ಮಂಚದ ಮೇಲಿದ್ದವಳು ಮಿಸುಕಲಿಲ್ಲ.

ಯಾವ ಶರಣಮ್ಮ? ಆಧಾರ್ ಕಾರ್ಡಿನ ಆ ಹೆಸರಿನಿಂದ ನಮ್ಮ ಪಕ್ಕದ ಮನೆಯವಳನ್ನು ಯಾರಾದರೂ ಕರೆದದ್ದುಂಟೇ? ಕಿವಿಯ ಹತ್ತಿರ ಬಾಗಿ, "ಏ ಕರಜಗೀ! ಏಳ್ ಬೇ, ಸಾಕು ನಾಟಕ" ಎಂದೆ.

ಕಣ್ಣು ತೆರೆದಳು.

"ಅದು ಊರಿನ ಹೆಸರಲ್ರೀ ಅಮ್ಮಾ?" ನರ್ಸ್ ನಕ್ಕಳು.

ಹೌದು, ಊರಿನ ಹೆಸರೇ. ನಮ್ಮ ನೆಲೋಗಿಗೆ ಸೊಸೆಯಾಗಿ ಬಂದವಳಿಗೆ ತವರೂರೇ ಹೆಸರು. ಅವಳು ಕರಜಗ್ಯಾಕಿ, ನಾನು ಖಜೂರ್ಯಾಕಿ. (ಅಪ್ಪ ಇಟ್ಟ ಹೆಸರು ರೇಷನ್ ಅಂಗಡಿಗೆ ಮಾತ್ರ.)

ಹೊರಗೆ ಬೆಂಚಿನ ಮೇಲೆ ಮೊಬೈಲ್ ಹಿಡಿದು ಕುಳಿತಿದ್ದ ನನ್ನ ಮೊಮ್ಮಗಳಿಗೆ ಇದನ್ನು ಹೇಳಿದೆ. ಅದರಲ್ಲೇ ಏನೋ ಹುಡುಕಿದಳು.

"ಆಯಿ, ಸ್ಪೇನ್ ಕಡೆ ಬಾಸ್ಕ್ ಅಂತ ಮಂದಿ ಅದಾರಂತ. ಅವರಿಗೂ ಊರು, ಮನಿ ಹೆಸರೇ ಅಡ್ಡಹೆಸರು. ಎಚೆಬೆರಿಯಾ ಅಂದ್ರ ಹೊಸ ಮನಿ."

"ಹೊಸಮನಿಯವರು ನಮ್ಮ ಓಣ್ಯಾಗೇ ಅದಾರಲ್ಲ! ಅದಕ್ಕ ಸ್ಪೇನಿಗೆ ಯಾಕ ಹೋಗಬೇಕು?"

"ಕರಜಗಿ ಅಂದ್ರೇನು ಆಯಿ?"

ನನಗೇನು ಗೊತ್ತು? ಒಳಗೆ ಹೋಗಿ ಅವಳನ್ನೇ ಕೇಳಿದೆ. ಲಕ್ವಾ ಹೊಡೆದು ಬಾಯಿ ಸೊಟ್ಟಗಾಗಿತ್ತು. ಆದರೂ ಹೇಳಿದಳು: "ಅರ್ಥ ತಗೊಂಡು ಏನ್ ಮಾಡ್ತಿ ಬೇ? ನಾ ಸತ್ರ ಕರಜಗಿಯಿಂದ ಸೀರಿ ಬರಬೇಕು. ಅಷ್ಟು ನೋಡು."

ನಮ್ಮಲ್ಲಿ ತವರಿನ ಸೀರೆ ಹೊದಿಸದೆ ಹೆಣ ಎತ್ತುವುದಿಲ್ಲ. ಜೀವಮಾನವಿಡೀ ಹೊತ್ತ ಹೆಸರಿಗೆ ಅವಳು ಕೇಳಿದ್ದು ಅದೊಂದನ್ನೇ.

ಮರುದಿನ ಹೋದಳು. ಕರಜಗಿಗೆ ನಾನೇ ಫೋನ್ ಹಚ್ಚಿಸಿದೆ. ಅಣ್ಣತಮ್ಮಂದಿರು ಯಾರೂ ಉಳಿದಿಲ್ಲ. ಎತ್ತಿದವನು ಅಣ್ಣನ ಮೊಮ್ಮಗ.

"ಯಾವ ಶರಣಮ್ಮರೀ?"

"ನಿಮ್ಮ ಕರಜಗ್ಯಾಕಿಯಪ್ಪಾ!"

"ಅಮ್ಮಾ, ಇಲ್ಲಿ ಎಲ್ಲಾರೂ ಕರಜಗಿಯವರೇ ಅದಾರ್ರೀ."

ತಪ್ಪೇನು ಹೇಳಿದ? ಅಷ್ಟರಲ್ಲಿ ಹಿಂದಿನಿಂದ ಯಾವುದೋ ಮುದುಕಿಯ ದನಿ: "ಯಾರೋ ಅದು? ನೆಲೋಗ್ಯಾಕಿ ಹೋದ್ಳೇನು?"

ನೆಲೋಗ್ಯಾಕಿ! ಇಲ್ಲಿ ನಾವು ಕರಜಗ್ಯಾಕಿ ಅಂದೆವು. ಅಲ್ಲಿ ಮದುವೆಯಾದ ದಿನವೇ ಅವಳನ್ನು ನೆಲೋಗಿಗೆ ಬರೆದುಕೊಟ್ಟಿದ್ದರು.

"ಕಬ್ಬಿನ ಕಟಾವು ನಡದದ್ರಿ, ಬರಾಕ ಆಗಂಗಿಲ್ಲ. ನೀವೇ ಮುಗಸ್ರಿ" ಎಂದು ಹುಡುಗ ಇಟ್ಟುಬಿಟ್ಟ.

ಆದರೂ ಸಂಜೆಯವರೆಗೆ ಕಾದೆವು. ಕೊನೆಗೆ ಜೇವರ್ಗಿಯ ಅಂಗಡಿಯಿಂದ ಒಂದು ಹಸಿರು ಸೀರೆ ತರಿಸಿ, "ಕರಜಗಿಯಿಂದ ಬಂತು" ಎಂದು ಮಂದಿಗೆ ಕೇಳುವಂತೆ ಹೇಳಿ ಹೊದಿಸಿದೆ. ಯಾರೂ ನಂಬಲಿಲ್ಲ. ಯಾರೂ ಬಾಯಿ ಬಿಡಲೂ ಇಲ್ಲ.

ಅಲ್ಲಿ ಕುಳಿತಿದ್ದ ಹೆಂಗಸರೆಲ್ಲ ಒಂದೊಂದು ಊರಿನ ಹೆಸರಿನವರೇ ಅಲ್ಲವೇ?

ನನ್ನ ತವರು ಖಜೂರಿಗೆ ಒಮ್ಮೆ ಫೋನ್ ಹಚ್ಚಿ ನೋಡೋಣವೆಂದುಕೊಂಡೆ. ಹಚ್ಚಲಿಲ್ಲ.