ಸಂಗಮದ ನಡುಗಡ್ಡೆಯಲ್ಲಿ ಅವ್ವನ ಕೈ

ಸಂಗಮದ ಬಳಿ ಹೊಳೆಯ ನಡುವೆ ಸಿಕ್ಕಿಬಿದ್ದ ದಿನದ ಕಥೆಯನ್ನು ನಾನು ಬಹಳ ಕಾಲ ತಪ್ಪಾಗಿ ಹೇಳಿಕೊಂಡು ಬಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಹೇಳುತ್ತಾ ಹೇಳುತ್ತಾ ಅವ್ವನ ಕೈ ನನ್ನ ಕೈಯಾಗಿಬಿಟ್ಟಿತ್ತು.

ಅವತ್ತು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ರಜೆ. ಅವ್ವ ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲೂ ಕೆಲಸವಿರಲಿಲ್ಲ. ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕನಕಪುರದ ಮೇಲೆ ಸಂಗಮಕ್ಕೆ ಹೋದೆ. ಕಾವೇರಿಯಲ್ಲಿ ಮೊಣಕಾಲುದ್ದ ನೀರು. ನಡುಗಡ್ಡೆಯ ಮರದ ನೆರಳಲ್ಲಿ ಚಿತ್ರಾನ್ನ ತಿನ್ನೋಣ ಎಂದವಳು ನಾನೇ, ಇದು ಖಚಿತ. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಬೋರ್‌ವೆಲ್ ನೀರು ಕುಡಿದು ಬೆಳೆದ ನಮಗೆ, ಕೊಡಗಿನಲ್ಲಿ ಮಳೆ ಸುರಿದು ಅಣೆಕಟ್ಟೆಯಿಂದ ನೀರು ಬಿಟ್ಟರೆ ಇಲ್ಲಿ ಬಿಸಿಲಲ್ಲೇ ಹೊಳೆ ಏರಬಹುದೆಂದು ತೋಚಲಿಲ್ಲ. ಊಟ ಮುಗಿಸಿ ಕೈ ತೊಳೆಯಲು ಹೋದರೆ, ದಾಟಿ ಬಂದಿದ್ದ ಕಲ್ಲುಗಳು ಕಾಣಲಿಲ್ಲ.

ಇಬ್ಬರಿಗೂ ಈಜು ಬರದು. ದಡದಲ್ಲಿ ಮೇಕೆ ಮೇಯಿಸುತ್ತಿದ್ದವರೊಬ್ಬರು ನೋಡಿ ಫೋನು ಮಾಡಿದರು. ಅಗ್ನಿಶಾಮಕದವರು ಬರುವಷ್ಟರಲ್ಲಿ ನಾವು ಊಟಕ್ಕೆ ಕೂತಿದ್ದ ಜಾಗ ಮುಳುಗಿ, ಮರದ ಬುಡದ ದಿಣ್ಣೆಯಷ್ಟೇ ಉಳಿದಿತ್ತು. ಆ ಸೆಳೆತಕ್ಕೆ ತೆಪ್ಪ ಇಳಿಸುವಂತಿರಲಿಲ್ಲ. ಅವರು ಖಾಲಿ ಕ್ಯಾನಿಗೆ ತೆಳು ನೈಲಾನ್ ದಾರ ಕಟ್ಟಿ ಹೊಳೆಯ ಮೇಲ್ಗಡೆಯಿಂದ ತೇಲಿಬಿಟ್ಟರು. ದಾರ ನಮಗೆ ಸಿಕ್ಕರೆ ಅದರ ಹಿಂದೆ ದಪ್ಪ ಹಗ್ಗ ಕಳಿಸಬಹುದಿತ್ತು. ಪ್ರತಿ ಸಲವೂ ಕ್ಯಾನು ನನ್ನಿಂದ ಒಂದು ಮಾರು ದೂರದಲ್ಲಿ ಹಾದುಹೋಯಿತು. ಅದನ್ನು ಹಿಡಿಯಲು ಇನ್ನೊಂದು ಹೆಜ್ಜೆ ಇಳಿಯಹೊರಟಾಗ ಅವ್ವ ನನ್ನ ಜಡೆ ಹಿಡಿದು ಹಿಂದಕ್ಕೆಳೆದಳು.

“ಡಬ್ಬ ಬುಡೇ. ಎಳೆ ನೋಡು.”

ನೂಲು ತೆಗೆಯುವವರು ಬಿಸಿನೀರಿನ ತೊಟ್ಟಿಯಲ್ಲಿ ತೇಲುವ ಗೂಡುಗಳನ್ನು ಒಂದೊಂದಾಗಿ ಹಿಡಿಯುತ್ತಾ ಕೂರುವುದಿಲ್ಲ. ಪುಟ್ಟ ಪೊರಕೆಯೊಂದನ್ನು ನೀರಿನಲ್ಲಿ ಆಡಿಸುತ್ತಾರೆ. ಕಣ್ಣಿಗೆ ಕಾಣದ ಎಳೆಗಳು ಬಂದು ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಅವ್ವ ದಿಣ್ಣೆಯ ಮೇಲಿನ ಜಾಲಿಗಿಡದ ಕೊಂಬೆಗಳನ್ನು ಮುರಿದಳು. ಸೀರೆಯ ಅಂಚು ಹರಿದು ಅವನ್ನು ಪೊರಕೆಯಂತೆ ಕಟ್ಟಿದಳು. ಒಂದು ಕೈಯಲ್ಲಿ ಮರ ತಬ್ಬಿಕೊಂಡು, ಮುಂದಿನ ಸಲ ಬಂದ ಕ್ಯಾನನ್ನು ಹೋಗಲು ಬಿಟ್ಟು, ಅದರ ಹಿಂದೆ ಓರೆಯಾಗಿ ಬರುತ್ತಿದ್ದ ದಾರದತ್ತ ಪೊರಕೆ ಚಾಚಿ ತಿರುವಿದಳು. ದಾರ ಮುಳ್ಳಿಗೆ ಸಿಕ್ಕಿಕೊಂಡಿತು.

ಇಬ್ಬರೂ ಎಳೆದೆವು. ದಪ್ಪ ಹಗ್ಗ ಬಂತು, ಮರಕ್ಕೆ ಬಿಗಿದೆವು. ಅದನ್ನು ಹಿಡಿದು ಬಂದವರು ನಮಗೆ ಲೈಫ್ ಜಾಕೆಟ್ ತೊಡಿಸಿ ಒಬ್ಬೊಬ್ಬರಾಗಿ ದಡ ಸೇರಿಸಿದರು.

ಆದರೆ ನನ್ನ ನೆನಪಿನಲ್ಲಿ ಆ ಪೊರಕೆ ನನ್ನ ಕೈಯಲ್ಲೇ ಇದೆ. ಅದರ ಭಾರ ಕೂಡ ನೆನಪಿದೆ. ಡೈರಿಯಲ್ಲಿ ದಾರ ಸಿಕ್ಕಿತೆಂದಷ್ಟೇ ಬರೆದಿದ್ದೇನೆ. ಮೊನ್ನೆ ಫೋನಿನಲ್ಲಿ ಆ ಸಂಜೆಯ ಫೋಟೋ ಸಿಕ್ಕಿತು. ಮುಳ್ಳು ಗೀರಿ ರಕ್ತವಾಗಿರುವುದು ಅವ್ವನ ಅಂಗೈ. ನನ್ನ ಕೈಯಲ್ಲಿ ಒಂದು ಗೀರೂ ಇಲ್ಲ. ನಾಚಿಕೆಯಾಗಬೇಕಿತ್ತು, ಸ್ವಲ್ಪ ಆಯಿತು ಕೂಡ. ಅದಕ್ಕಿಂತ ಹೆಚ್ಚಾಗಿ ಅವ್ವನನ್ನು ನೆನೆದು ಎದೆ ಉಬ್ಬಿತು.

ದಡದಲ್ಲಿ ಅಗ್ನಿಶಾಮಕದ ಹಿರಿಯರೊಬ್ಬರು, ಹೊಳೆ ಕೆಲಸ ಎಲ್ಲಿ ಕಲಿತಿರಮ್ಮ ಎಂದು ಕೇಳಿದ್ದರು.

“ಬಿಸಿನೀರಲ್ಲಿ ಮೂವತ್ತು ವರ್ಸ ಕೈ ಆಡ್ಸಿವ್ನಿ ಕಣಪ್ಪ. ಇದು ತಣ್ಣೀರು.”

ಅವರು ತಮ್ಮ ಜೊತೆಯವರನ್ನೆಲ್ಲ ಕರೆದು, ಆ ಪೊರಕೆ ಕಟ್ಟುವುದನ್ನು ತೋರಿಸಿಕೊಡಿ ಎಂದರು. ಅವ್ವ ಒದ್ದೆ ಸೀರೆಯಲ್ಲೇ ನಿಂತು ಎರಡು ಸಲ ಕಟ್ಟಿ ತೋರಿಸಿದಳು. ಅಂಗೈ ಉರಿಯುತ್ತಿದ್ದುದರಿಂದ ಎರಡನೇ ಸಲ ಕಡ್ಡಿಗಳನ್ನು ನಾನು ಹಿಡಿದುಕೊಂಡೆ. ಅಷ್ಟು ಮಾತ್ರ ನನ್ನದು.