ಗಾಳಿಯಿಲ್ಲದೆ ಆರಿದ ಬತ್ತಿ

ಮೂರು ವರ್ಷದ ಹಿಂದಿನ ಮಾತು. ಆಗ ನಾನು ಚಿತ್ತಾಪುರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಇಂಗಾಲದ ಡೈಆಕ್ಸೈಡ್ ತಯಾರಿಸಲು ಅಮೃತಶಿಲೆಯ ಚೂರು ಬೇಕೆಂದು ಪುಸ್ತಕದಲ್ಲಿದೆ. ನಮ್ಮ ಕಡೆ ಅದನ್ನೆಲ್ಲಿ ಹುಡುಕುವುದು? ಶಹಾಬಾದ್ ಫರಸಿಯೂ ಸುಣ್ಣದಕಲ್ಲೇ ತಾನೆ ಎಂದು ಅಂಗಳದಲ್ಲಿ ಬಿದ್ದಿದ್ದ ಆ ಕಲ್ಲನ್ನೇ ಕುಟ್ಟಿ, ಆಸಿಡ್ ಹಾಕಿ, ಬುರುಬುರು ಬಂದ ಗ್ಯಾಸನ್ನು ಬೀಕರಿನಲ್ಲಿ ಹಿಡಿದೆ. ಉರಿಯುವ ಮೇಣದಬತ್ತಿಯ ಮೇಲೆ ಬಗ್ಗಿಸಿದೆ. ಬತ್ತಿ ಆರಿತು. ಅವತ್ತಿನ ಪಾಠ ಮುಗಿಯಿತು.

ಮರುದಿನ ಒಂಬತ್ತನೇ ಕ್ಲಾಸಿನ ಭಾಗ್ಯಶ್ರೀಯ ತಾಯಿ ಶರಣಮ್ಮ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಮುಖ ಗಂಟು ಹಾಕಿಕೊಂಡಿದ್ದಳು. ಮಗಳ ಮದುವೆ ಗೊತ್ತುಮಾಡಿ, ಶಾಲೆ ಬಿಡಿಸಲು ನೆಪ ಹುಡುಕಿಕೊಂಡು ಬಂದಿದ್ದಾಳೆ ಎಂದೇ ನಾನು ತಿಳಿದೆ. ಇಂಥವರನ್ನು ಬೇಕಾದಷ್ಟು ಕಂಡವಳು ನಾನು. ಜಗಳಕ್ಕೆ ಟೊಂಕ ಕಟ್ಟಿಯೇ ನಿಂತೆ.

“ಮೇಡಂ, ನಿನ್ನಿ ಊದದೇ ಬತ್ತಿ ಆರಿಸಿದ್ರಂತ. ನನ್ನ ಕಣ್ಣ ಮುಂದ ಆರಸ್ರಿ, ನೋಡ್ತೀನಿ” ಅಂದಳು.

“ಯಾಕ್ರಿ, ಮಗಳ ಮಾತಿನ ಮ್ಯಾಲ ನಂಬಿಕಿ ಇಲ್ಲೇನು?”

“ಇಲ್ರಿ.”

ಕಿಟಕಿಗಳನ್ನು ತಾನೇ ಹಾಕಿದಳು. ಫ್ಯಾನು ಬಂದ್ ಮಾಡಿದಳು. ನಾನು ಗ್ಯಾಸ್ ಹಿಡಿದ ಬೀಕರಿನೊಳಗೆ ಇಣುಕಿ, “ಇದರಾಗ ಏನೂ ಇಲ್ಲಲ್ರಿ” ಅಂದಳು. ಬಗ್ಗಿಸಿದೆ, ಬತ್ತಿ ಆರಿತು. “ನೀವೇ ಊದಿರಬೇಕು” ಅಂದಳು. ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಸೆರಗು ಕಟ್ಟಿಕೊಂಡು ಮತ್ತೆ ಮಾಡಿದೆ. ಮತ್ತೂ ಆರಿತು.

ಆಗ ಆಕೆ ಸ್ಟೂಲಿನ ಮೇಲೆ ಕುಳಿತು ವಿಷಯ ಹೇಳಿದಳು. ಕೆಲವು ವರ್ಷಗಳ ಹಿಂದೆ ಅವಳ ಗಂಡ ಹೂಳು ತೆಗೆಯಲು ಕಂದೀಲು ಹಿಡಿದು ಹಳೆ ಬಾವಿಗೆ ಇಳಿದಿದ್ದನಂತೆ. ಮೇಲೆ ಹಗ್ಗ ಹಿಡಿದವನು ಮೈದುನ ಮಲ್ಲಪ್ಪ. ಗಂಡ ಹೆಣವಾಗಿ ಮೇಲೆ ಬಂದ.

“ಕಂದೀಲು ತಾನೇ ಆರಿತು, ಅಣ್ಣ ಕೂಗಲೇ ಇಲ್ಲ ಅಂದನ್ರಿ ಅಂವ. ಬಾವ್ಯಾಗ ಗಾಳಿ ಎಲ್ಲಿಂದ ಬರಬೇಕ್ರಿ, ಕಂದೀಲು ಆರಲಿಕ್ಕ? ಹೊಲದ ಆಸೆಗಿ ಹಗ್ಗ ಬಿಟ್ಟಾನ ಅಂತ ಊರೆಲ್ಲಾ ಅಂತು. ಅವತ್ತಿನಿಂದ ಅವನಿಗಿ ನಮ್ ಹೊಸ್ತಿಲ ತುಳಿಯಾಕ ಬಿಟ್ಟಿಲ್ರಿ.”

ಹಳೆ ಬಾವಿಯ ತಳದಲ್ಲಿ ಈ ಗ್ಯಾಸು ಕೂಡಿರಬಹುದು, ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಹೆಚ್ಚಿದ್ದರೆ ಕೂಗಲೂ ಬಿಡುವುದಿಲ್ಲ ಎಂದೆ. ಅವತ್ತು ಆದದ್ದು ಇದೇ ಎಂದು ನಾನು ಹೇಗೆ ಹೇಳಲಿ? ಆಕೆ ಬೀಕರಿನೊಳಗೆ ಇನ್ನೊಮ್ಮೆ ಇಣುಕಿ ಎದ್ದು ಹೋದಳು. ಅನುಮಾನ ಹೋಗಿಲ್ಲ ಅಂದುಕೊಂಡೆ.

ಆ ಶನಿವಾರ ಮಲ್ಲಪ್ಪನನ್ನೇ ಕರೆದುಕೊಂಡು ಬಂದಳು. ತನ್ನನ್ನು ಯಾವುದಕ್ಕೆ ಕರೆಸಿದ್ದಾರೋ ಎಂಬ ಸಂಶಯ ಅವನಿಗೆ. ಬಾಗಿಲು ದಾಟಿ ಬರಲಿಲ್ಲ. ಭಾಗ್ಯಶ್ರೀ ತಾನೇ ಗ್ಯಾಸ್ ಹಿಡಿದು ಬೀಕರ್ ಬಗ್ಗಿಸಿದಳು. ಬತ್ತಿ ಆರಿತು.

“ಹಿಂಗೇ ಆರಿತ್ತು ಅತ್ತಿಗಿ. ಹಿಂಗೇ ಆರಿತ್ತು” ಎನ್ನುತ್ತ ಅವನು ಅಲ್ಲೇ ಕುಕ್ಕರಿಸಿ ಅಳತೊಡಗಿದ.

“ನೋಡಿನಪ್ಪ. ನಡಿ, ಮನಿಗಿ ಬಂದು ಎರಡು ರೊಟ್ಟಿ ತಿಂದು ಹೋಗು” ಅಂದಳು ಶರಣಮ್ಮ.

ಈ ಪ್ರಯೋಗವನ್ನು ನಾನು ಈಗಲೂ ಪ್ರತಿ ವರ್ಷ ಮಾಡಿಸುತ್ತೇನೆ. ನಿಜ ಹೇಳಿಯೂ ಕೊಲೆಗಾರನಂತೆ ಬದುಕಿದ ಆ ಮನುಷ್ಯನ ಅಳು ನೆನಪಾಗಿ, ಬತ್ತಿ ಆರಿದ ಮೇಲೆ ಹಳೆ ಬಾವಿಗಳ ಮಾತನ್ನೂ ಹೇಳಿಯೇ ಪಾಠ ಮುಂದುವರಿಸುತ್ತೇನೆ.